ಪರವಾನಗಿಯೂ ಫ್ರಾಂಚೈಸಿಯೂ

ಪರರ ಹೆಸರನ್ನು ಬಳಸಿ ಉದ್ಯಮ ನಡೆಸಲು ಎರಡು ಮಾರ್ಗಗಳುಂಟು. ಇವೆರಡೂ ಒಂದೇ ಎಂದು ನಂಬಿ ಕರಾರಿಗೆ ಸಹಿ ಹಾಕುವ ಪಾಲಕರಿರುವುದರಿಂದ ಭೇದವನ್ನು ತಿಳಿಸಬಯಸುತ್ತೇವೆ.

ಇಟಲಿಯ ಪಿಯಾಜಿಯೊ ಸಂಸ್ಥೆಯ ಪರವಾನಗಿ ಪಡೆದು ಬಜಾಜ್ ಸಂಸ್ಥೆಯು ಪುಣೆಯ ಬಳಿ ವೆಸ್ಪಾ ಸ್ಕೂಟರುಗಳನ್ನು ತಯಾರಿಸಿತು. ಹೆಸರು, ವಿನ್ಯಾಸ ಅವರವು. ಕಾರ್ಖಾನೆ, ಆಡಳಿತ, ಲಾಭನಷ್ಟ ಇವರವು. 1971ರಲ್ಲಿ ಪರವಾನಗಿ ಮುಗಿಯಿತು. ಕಲಿತ ವಿದ್ಯೆ ಉಳಿಯಿತು. ತನ್ನದೇ ಹೆಸರಿನ ‘ಚೇತಕ್’ ಹೊರಬಂದಿತು.

ಫ್ರಾಂಚೈಸಿಯ ಬಗೆ ಬೇರೆ. 1955ರಲ್ಲಿ ಅಮೆರಿಕದ ರೇ ಕ್ರಾಕ್ ಹರಡಲಾರಂಭಿಸಿದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹಗಳನ್ನೇ ನೋಡೋಣ. ಅಂಗಡಿ ಇಡುವವನು ಮೊದಲು ಶುಲ್ಕವನ್ನೂ ಬಳಿಕ ಮಾರಾಟದಲ್ಲಿ ಪಾಲನ್ನೂ ಸಲ್ಲಿಸಬೇಕು. ತಿನಿಸಿನ ತೂಕ, ಅಡಿಗೆಯ ಕ್ರಮ, ನೌಕರರ ಉಡುಪು ಕೂಡ ಒಡೆಯರ ನಿಯಮದಂತೆಯೇ. ಬಂಡವಾಳ ಇವನದು, ಸ್ವಾತಂತ್ರ್ಯ ಮಾತ್ರ ಅತ್ಯಲ್ಪ! ಕರಾರು ಮುಗಿದೊಡನೆ ನಾಮಫಲಕವನ್ನು ಇಳಿಸಬೇಕಾಗುವುದು.