ಪೋರ್ಚುಗೀಸ್ ಭಾಷಿಕರ ಇಂಗ್ಲಿಷ್: ರಫ್ತುದಾರರು ಗಮನಿಸಬೇಕಾದ ಅಂಶಗಳು

ಬ್ರೆಜಿಲ್, ಪೋರ್ಚುಗಲ್, ಅಂಗೋಲಾ, ಮೊಜಾಂಬಿಕ್ ದೇಶಗಳ ಖರೀದಿದಾರರು ಬರೆಯುವ ಇಂಗ್ಲಿಷ್ ಪತ್ರಗಳಲ್ಲಿ ಪೋರ್ಚುಗೀಸ್ ಭಾಷೆಯ ಛಾಯೆ ಕಾಣುವುದು ಸಹಜ. ‘ಇನ್ಫರ್ಮೇಷನ್ಸ್’ ಎಂಬ ಬಹುವಚನದಂತಹ ವ್ಯಾಕರಣದೋಷಗಳಿಂದ ಯಾರ ಗಂಟೂ ಹೋಗದು. ರೂಪ ಒಂದೇ ಆಗಿ ಅರ್ಥ ಬೇರೆಯಾದ ಪದಗಳಿಂದಲೇ ನಷ್ಟ.

ಪೋರ್ಚುಗೀಸಿನ ‘ಪ್ರೆಟೆಂಡೇರ್’ ಎಂದರೆ ಉದ್ದೇಶಿಸು. ಆದುದರಿಂದ ಖರೀದಿಗೆ ‘ಪ್ರಿಟೆಂಡ್’ ಮಾಡುತ್ತೇವೆ ಎಂದು ಬರೆದವನು ನಟಿಸುತ್ತಿಲ್ಲ, ನಿಜವಾಗಿಯೂ ಕೊಳ್ಳಬಯಸಿದ್ದಾನೆ. ಇದು ನಗೆ ತರಿಸುವ ತಪ್ಪು, ‘ಈವೆಂಚುಯಲಿ’ ಹಾಗಲ್ಲ. ಇಂಗ್ಲಿಷಿನಲ್ಲಿ ಅದರ ಅರ್ಥ ‘ಕಟ್ಟಕಡೆಗೆ’. ಅದನ್ನೇ ಹೋಲುವ ಪೋರ್ಚುಗೀಸ್ ಪದಕ್ಕೆ ‘ಪ್ರಸಂಗ ಬಂದರೆ’ ಎಂಬರ್ಥ. ‘ಈವೆಂಚುಯಲಿ ಎರಡನೆಯ ಕಂಟೇನರ್ ತರಿಸುವೆವು’ ಎಂಬ ವಾಕ್ಯವನ್ನು ನಂಬಿ ಕಚ್ಚಾಮಾಲು ಕೊಂಡಿಟ್ಟ ತಯಾರಕನ ದುಡಿಯುವ ಬಂಡವಾಳ ಗೋದಾಮಿನಲ್ಲಿ ಸಿಲುಕುತ್ತದೆ. ‘ಆಕ್ಚುಯಲಿ’ ಎಂದು ಬರೆದಲ್ಲಿ ‘ಸದ್ಯಕ್ಕೆ’ ಎಂದು ತಿಳಿಯಬೇಕಾದೀತು. ಅಂದರೆ ಆ ದರ ಮುಂದೆ ಬದಲಾಗಬಹುದು.

‘ತನಕ’, ‘ಒಳಗೆ’ ಎಂಬೆರಡಕ್ಕೂ ಅವರಲ್ಲಿರುವುದು ‘ಅತೆ’ ಎಂಬ ಒಂದೇ ಪದ. 15ನೆಯ ತಾರೀಖಿನ ‘ಅಂಟಿಲ್’ ಸರಕು ಕಳುಹಿಸಿ ಎಂದರೆ 15ರೊಳಗೆ ಕಳುಹಿಸಬೇಕೆಂದು ಅರ್ಥ.

ಅಂಕಿಗಳಲ್ಲಿಯೂ ಎಚ್ಚರ ಅಗತ್ಯ. ಅವರ ರೂಢಿಯಲ್ಲಿ ಚುಕ್ಕೆ ಸಾವಿರವನ್ನೂ ಅಲ್ಪವಿರಾಮ ದಶಾಂಶವನ್ನೂ ಸೂಚಿಸುತ್ತವೆ. 1.250 ಕಿಲೋ ಎಂದರೆ ಒಂದು ಸಾವಿರದ ಇನ್ನೂರೈವತ್ತು. 2,500 ಡಾಲರ್ ಎಂದರೆ ಬರೀ ಎರಡೂವರೆ.

ಸಂಶಯವಿದ್ದಲ್ಲಿ ಪ್ರಮಾಣ, ದರಗಳನ್ನು ಅಕ್ಷರಗಳಲ್ಲಿ ಬರೆದು, ಗಡುವಿನ ದಿನಾಂಕ ನಮೂದಿಸಿ ಲಿಖಿತ ಒಪ್ಪಿಗೆ ಪಡೆದ ಬಳಿಕವೇ ಪ್ರೊಫಾರ್ಮಾ ಇನ್‌ವಾಯ್ಸ್ ಕಳುಹಿಸುವುದು ಕ್ಷೇಮ. ಲೆಟರ್ ಆಫ್ ಕ್ರೆಡಿಟ್ ತೆರೆದ ಮೇಲೆ ಬ್ಯಾಂಕು ನೋಡುವುದು ದಾಖಲೆಗಳನ್ನು ಮಾತ್ರ. ಖರೀದಿದಾರನ ಮನಸ್ಸಿನಲ್ಲಿದ್ದ ಅರ್ಥವನ್ನಲ್ಲ.