ಬಾವಿಯ ಲೆಕ್ಕ: ಗಂಗಾಧರರಾವ್ ದೇಶಪಾಂಡೆ

ನಮ್ಮ ಟಿಳಕವಾಡಿಯ ಕಾಂಗ್ರೆಸ್ ಬಾವಿಯನ್ನು ನಾವು ದಿನಾ ನೋಡುತ್ತೇವೆ. ಅದರ ಹಿಂದಿರುವ ನಾಯಕರ ಹೆಸರು ಮಾತ್ರ ಹಲವರಿಗೆ ಗೊತ್ತಿಲ್ಲ.

ಗಂಗಾಧರರಾವ್ ದೇಶಪಾಂಡೆಯವರು 1871ರಲ್ಲಿ ಜನಿಸಿದರು. ಅವರ ಊರು ಬೆಳಗಾವಿ ಜಿಲ್ಲೆಯ ಹುದಲಿ. ಮೊದಲು ಲೋಕಮಾನ್ಯ ತಿಲಕರ ಅನುಯಾಯಿಯಾಗಿದ್ದರು. 1920ರಲ್ಲಿ ತಿಲಕರು ತೀರಿಕೊಂಡ ನಂತರ ಗಾಂಧೀಜಿಯವರ ದಾರಿ ಹಿಡಿದರು. ಜನರು ಅವರನ್ನು 'ಕರ್ನಾಟಕ ಸಿಂಹ' ಎಂದು ಕರೆದರು.

1924ರ ಡಿಸೆಂಬರ್‌ನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಇದು. ಹಿಂದಿನ ವರ್ಷದ ಅಧ್ಯಕ್ಷರು ಮೌಲಾನಾ ಮೊಹಮ್ಮದ್ ಅಲಿ. ಆಗಲೇ ಖಿಲಾಫತ್ ಪರಿಷತ್ತೂ ಬೆಳಗಾವಿಯಲ್ಲಿ ಸೇರಿತ್ತು. ಬಂದವರ ವ್ಯವಸ್ಥೆಯ ಹೊಣೆ ಸ್ವಾಗತ ಸಮಿತಿಯ ಅಧ್ಯಕ್ಷರಾದ ದೇಶಪಾಂಡೆಯವರದು.

ಜನರಿಗೆ ನೀರು ಬೇಕೆಂದು ಬಾವಿ ತೋಡಿಸಿದರು. ಅದಕ್ಕಾದ ಖರ್ಚು 4,370 ರೂಪಾಯಿ 3 ಆಣೆ. ಅಧಿವೇಶನದ ಎಲ್ಲ ಖರ್ಚು ಕಳೆದು 773 ರೂಪಾಯಿ ಉಳಿಯಿತು. ಆಣೆಯವರೆಗೂ ಲೆಕ್ಕ ಬರೆದಿಟ್ಟಿದ್ದರಿಂದಲೇ ಇಂದು ನಮಗೆ ಇದು ಗೊತ್ತು.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಜಮಾ-ಖರ್ಚನ್ನು ಅಂಕಗಳಿಗಾಗಿ ಕಲಿಯುತ್ತೇವೆ. ನಮ್ಮ ಮನೆಯಲ್ಲಿ ಲೆಕ್ಕಕ್ಕೆ 'ಹಿಸಾಬ್' ಎನ್ನುತ್ತಾರೆ. ಕಾಲೇಜಿನ ಕಾರ್ಯಕ್ರಮಕ್ಕೆ ಗೆಳೆಯರಿಂದ ಹತ್ತು ರೂಪಾಯಿ ಕೂಡಿಸಿದರೂ ಅದು ನಮ್ಮದಲ್ಲ. ಅದರ ಹಿಸಾಬ್ ಕೊಡುವುದು ನಮ್ಮ ಕರ್ತವ್ಯ.