ಕಚೇರಿಯಲ್ಲಿ ಸ್ವಂತ ಕೆಲಸ: ಕಾರಣವೋ, ನೆಪವೋ?



2007ರ ಜುಲೈ ತಿಂಗಳು. ರೊಮೇನಿಯಾ ದೇಶದ ಬುಕಾರೆಸ್ಟ್ ನಗರದ ಒಂದು ಖಾಸಗಿ ಕಂಪನಿ ತನ್ನ ಇಂಜಿನಿಯರ್ ಒಬ್ಬರನ್ನು ಕರೆಸಿ ವಿಚಾರಿಸಿತು. ಗ್ರಾಹಕರಿಗೆ ಉತ್ತರಿಸಲೆಂದು ಕಂಪನಿಯೇ ಹೇಳಿ ತೆರೆಸಿದ್ದ ಯಾಹೂ ಮೆಸೆಂಜರ್ ಖಾತೆಯನ್ನು ಸ್ವಂತ ಮಾತುಕತೆಗೆ ಬಳಸಿದ್ದೀರಾ ಎಂಬುದು ಪ್ರಶ್ನೆ. ಅವರು ‘ಇಲ್ಲ’ ಎಂದರು. ಆಗ ಕಂಪನಿ 45 ಪುಟಗಳ ಪ್ರತಿಯನ್ನು ಮುಂದಿಟ್ಟಿತು. ಅವರು ತಮ್ಮ ಸೋದರನೊಡನೆ ಮತ್ತು ಮದುವೆ ನಿಶ್ಚಯವಾಗಿದ್ದ ಹುಡುಗಿಯೊಡನೆ ಆಡಿದ ಮಾತುಗಳು ಅದರಲ್ಲಿದ್ದವು. ಆಗಸ್ಟ್ 1ರಂದು ಅವರ ಕೆಲಸ ಹೋಯಿತು.

ಮೊಕದ್ದಮೆ ಹತ್ತು ವರ್ಷ ನಡೆಯಿತು. ಕೊನೆಗೆ 2017ರ ಸೆಪ್ಟೆಂಬರ್ 5ರಂದು ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 11-6ರ ಬಹುಮತದಿಂದ ಅವರ ಪರವಾಗಿ ತೀರ್ಪಿತ್ತಿತು. ಕಚೇರಿಯಲ್ಲಿ ಹರಟುತ್ತಾ ಕೂರಬಹುದು ಎಂದೇನೂ ನ್ಯಾಯಾಲಯ ಹೇಳಲಿಲ್ಲ. ಸಂದೇಶಗಳನ್ನು ಓದುತ್ತೇವೆಂದು ನೌಕರನಿಗೆ ಮುಂಚಿತವಾಗಿ ತಿಳಿಸಲಾಗಿತ್ತೇ, ಅಷ್ಟರ ಮಟ್ಟಿಗೆ ಇಣುಕುವ ಅಗತ್ಯವಿತ್ತೇ ಎಂಬುದನ್ನು ರೊಮೇನಿಯಾದ ನ್ಯಾಯಾಲಯಗಳು ಸರಿಯಾಗಿ ಪರಿಶೀಲಿಸಲಿಲ್ಲ ಎಂದಿತು.

ಈ ಪ್ರಕರಣದಲ್ಲಿ ಇಬ್ಬರೂ ಗುಟ್ಟಾಗಿ ನಡೆದುಕೊಂಡರು. ಒಬ್ಬರು ಗುಟ್ಟಾಗಿ ಬರೆದರು, ಇನ್ನೊಬ್ಬರು ಗುಟ್ಟಾಗಿ ಓದಿದರು. ದುಡಿಯುವವರು ಕಚೇರಿಯ ಸಮಯದಲ್ಲಿ ಸ್ವಂತಕ್ಕೆ ಇಂಟರ್‌ನೆಟ್ ಬಳಸುವುದೇಕೆ? ‘ಸೋಮಾರಿತನ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ತೀರ್ಪಿಗೆ ಮುನ್ನ ವಿಂಗಡಿಸಿ ನೋಡಬೇಕು. ಮುಖ್ಯವಾಗಿ ಮೂರು ಕಾರಣಗಳು ಕಾಣುತ್ತವೆ.

1. ಅಗತ್ಯ

ರೈಲಿನ ತತ್ಕಾಲ್ ಟಿಕೆಟ್ಟು ತೆರೆಯುವುದು ಹವಾನಿಯಂತ್ರಿತ ದರ್ಜೆಗಳಿಗೆ ಬೆಳಿಗ್ಗೆ 10ಕ್ಕೆ, ಉಳಿದವುಗಳಿಗೆ 11ಕ್ಕೆ. ಎರಡೂ ಕಚೇರಿಯ ಹೊತ್ತೇ. ಮಗುವಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಸಂದೇಶ ಬರುವುದೂ, ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಬೇಕಾದದ್ದೂ ಅದೇ ಹೊತ್ತಿನಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇದನ್ನು ಮಾಡುವವರು ಯಾರು? ಹಿಂದೆ ಇದಕ್ಕೆ ಅರ್ಧ ದಿನದ ರಜೆ ಬೇಕಿತ್ತು. ಈಗ ಹತ್ತು ನಿಮಿಷ ಸಾಕು.

ಇನ್ನೊಂದು ಮಾತು. ಮನೆ ಕಚೇರಿಯನ್ನು ಹೊಕ್ಕಂತೆ ಕಚೇರಿಯೂ ಮನೆಯನ್ನು ಹೊಕ್ಕಿದೆ. 2020ರ ಕೋವಿಡ್ ಕಾಲದಲ್ಲಿ ಊಟದ ಮೇಜೇ ಅನೇಕರಿಗೆ ಕಚೇರಿಯಾಯಿತು. ರಾತ್ರಿ ಒಂಬತ್ತಕ್ಕೆ ಮೇಲಧಿಕಾರಿಯ ವಾಟ್ಸಾಪ್ ಸಂದೇಶಕ್ಕೆ ಉತ್ತರಿಸಿದವರು ಮರುದಿನ ಹನ್ನೊಂದಕ್ಕೆ ಮಗಳ ಶಾಲೆಯ ಶುಲ್ಕ ಕಟ್ಟಿದರೆ ಅದನ್ನು ಕಳ್ಳತನ ಎನ್ನಲು ಮನಸ್ಸು ಬಾರದು. ಫ್ರಾನ್ಸ್ ದೇಶದಲ್ಲಂತೂ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕು 2017ರ ಜನವರಿಯಿಂದ ಕಾನೂನಿನಲ್ಲೇ ಸೇರಿದೆ.

2. ಬೇಸರ

ಇದು ಹೊಸ ರೋಗವಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಸನ್ಯಾಸಿ ಎವಾಗ್ರಿಯಸ್ ಇದನ್ನು ಚೆನ್ನಾಗಿ ಬಣ್ಣಿಸಿದ್ದಾರೆ. ನಡುಹಗಲಿನಲ್ಲಿ ಸನ್ಯಾಸಿಗೆ ಸೂರ್ಯ ನಿಂತೇಬಿಟ್ಟಂತೆ ತೋರುತ್ತದೆ. ಹಗಲು ಐವತ್ತು ಗಂಟೆಯಷ್ಟು ಉದ್ದವೆನಿಸುತ್ತದೆ. ಕೈಯ ಕೆಲಸ ಬೇಡವಾಗಿ, ಯಾರಾದರೂ ಬರುತ್ತಾರೇನೋ ಎಂದು ಮತ್ತೆ ಮತ್ತೆ ಕಿಟಕಿಯ ಕಡೆ ಕಣ್ಣು ಹೊರಳುತ್ತದೆ. ನಮ್ಮ ಕಾಲದ ಗುಮಾಸ್ತ ಮೊಬೈಲಿನತ್ತ ಕೈಚಾಚುವುದು ಹೀಗೆಯೇ ಅಲ್ಲವೇ? ವ್ಯತ್ಯಾಸ ಇಷ್ಟೇ: ಅಂದಿನ ಕಿಟಕಿ ಸುಮ್ಮನಿರುತ್ತಿತ್ತು, ಇಂದಿನ ಕಿಟಕಿ ತಾನೇ ಸದ್ದು ಮಾಡಿ ಕರೆಯುತ್ತದೆ.

3. ಲೆಕ್ಕ

ಮೂರನೆಯದು ಹೆಚ್ಚು ಆಳವಾದದ್ದು. ಕಚೇರಿಯ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಕಾಲ ಕಳೆಯುವುದಕ್ಕೆ ‘ಸೈಬರ್‌ಲೋಫಿಂಗ್’ ಎಂಬ ಹೆಸರಿದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ವಿವಿಯನ್ ಲಿಮ್ 2002ರಲ್ಲಿ ಈ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ತಮಗೆ ಅನ್ಯಾಯವಾಗಿದೆ ಎಂದು ಭಾವಿಸಿದ ನೌಕರರು ಮನಸ್ಸಿನಲ್ಲೇ ಒಂದು ಜಮಾ-ಖರ್ಚಿನ ಪುಸ್ತಕ ಇಟ್ಟುಕೊಳ್ಳುತ್ತಾರೆ ಎಂಬುದು ಅವರು ಕಂಡುಕೊಂಡ ವಿಷಯ. ‘ನಾನು ಇಷ್ಟು ದುಡಿದಿದ್ದೇನೆ, ಅವರು ಕೊಟ್ಟಿದ್ದು ಇಷ್ಟೇ, ಆದ್ದರಿಂದ ಈ ಒಂದು ಗಂಟೆ ನನಗೆ ಸಲ್ಲಬೇಕಾದದ್ದು.’

ಈ ಲೆಕ್ಕ ನೈತಿಕ ದೈವಶಾಸ್ತ್ರಕ್ಕೆ ಹಳೆಯ ಪರಿಚಯ. ತಮ್ಮ ದುಡಿಮೆಗೆ ಸಂಬಳ ಸಾಲದೆಂದು ತಾವೇ ತೀರ್ಮಾನಿಸಿಕೊಂಡ ಮನೆಯಾಳುಗಳು ಯಜಮಾನರಿಂದ ಗುಟ್ಟಾಗಿ ತೆಗೆದುಕೊಂಡು ಸರಿದೂಗಿಸಿಕೊಳ್ಳಬಹುದು ಎಂದು ಕೆಲವರು ಬೋಧಿಸುತ್ತಿದ್ದರು. 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟ್ ಈ ಬೋಧನೆಯನ್ನು ಖಂಡಿಸಿದರು.

ಹಾಗಾದರೆ ಧರ್ಮಸಭೆ ಯಜಮಾನರ ಪಕ್ಷವೇ ಎಂಬ ಪ್ರಶ್ನೆ ಏಳುವುದು ಸಹಜ. ಹಾಗಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ, ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗಿಬಿಡುವುದಿಲ್ಲ, ಅದು ಮಿತವಾಗಿ ಬಾಳುವವನ ಜೀವನಕ್ಕೆ ಸಾಲುವಂತಿರಬೇಕು ಎಂದು ಸಾರಿದರು. ಅನ್ಯಾಯದ ಸಂಬಳ ಅನ್ಯಾಯವೇ.

ಗುಟ್ಟಿನ ಲೆಕ್ಕದ ದೋಷ ಬೇರೆಡೆ ಇದೆ. ಅಲ್ಲಿ ಸಾಲ ಕೊಟ್ಟವನೂ, ನ್ಯಾಯಾಧೀಶನೂ, ವಸೂಲಿ ಮಾಡುವವನೂ ಒಬ್ಬನೇ. ತಾನು ಬಾಕಿ ಇದ್ದೇನೆಂಬುದು ಯಜಮಾನನಿಗೆ ಗೊತ್ತೇ ಆಗುವುದಿಲ್ಲ. ಹೀಗಾಗಿ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ. ಉಳಿದ ಕೆಲಸ ಪಕ್ಕದ ಮೇಜಿನ ಸಹೋದ್ಯೋಗಿಯ ತಲೆಗೆ ಬೀಳುತ್ತದೆ. ಆತನಿಗೂ ಅದೇ ಸಂಬಳ. ಬಾಯಿಬಿಟ್ಟು ಕೇಳಬೇಕಾದ ನ್ಯಾಯವನ್ನು ಗಂಟೆಗಟ್ಟಲೆ ವಿಡಿಯೋ ನೋಡಿ ತೀರಿಸಿಕೊಂಡವನು ಕೇಳುವ ಧೈರ್ಯವನ್ನೂ ಕ್ರಮೇಣ ಕಳೆದುಕೊಳ್ಳುತ್ತಾನೆ.

ಮಾಡಬೇಕಾದದ್ದೇನು?

ಮೂರು ಕಾರಣಗಳಿಗೆ ಮದ್ದು ಒಂದೇ ಅಲ್ಲ. ಅಗತ್ಯವಿದ್ದರೆ ಮುಚ್ಚುಮರೆ ಬೇಡ. ‘ಹತ್ತು ನಿಮಿಷ ಬೇಕು ಸಾರ್’ ಎಂದು ಹೇಳಿ ಮಾಡಿ. ಬೇಸರವಾದರೆ ಎದ್ದು ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು, ಮರಳಿ ಕುಳಿತುಕೊಳ್ಳಿ. ಅನ್ಯಾಯವಾಗಿದ್ದರೆ ಸಹೋದ್ಯೋಗಿಗಳೊಡನೆ ಕೂಡಿ ಅದನ್ನು ಬಾಯಿಬಿಟ್ಟು ಹೇಳಿ. ಕೆಲಸ ಕೊಡುವವರೂ ನಿಯಮವನ್ನು ಬರೆದು ಮೊದಲೇ ತಿಳಿಸಲಿ, ಮನೆಯ ಅಗತ್ಯಕ್ಕೆ ಎಡೆಯಿಡಲಿ, ಕದ್ದು ಓದದಿರಲಿ.

ಮನೆಯಲ್ಲಿ ಚರ್ಚಿಸಲು

1. ಈ ವಾರ ಕಚೇರಿಯಲ್ಲಿ ಮಾಡಿದ ಸ್ವಂತ ಕೆಲಸಗಳಲ್ಲಿ ಮೇಲಧಿಕಾರಿಯ ಎದುರಿಗೇ ಮಾಡಬಹುದಾದವು ಯಾವುವು?
2. ಕೆಲಸದ ಹೊತ್ತಿನಲ್ಲಿ ಮನೆಯವರಿಗೆ ನಾವು ಕಳುಹಿಸುವ ಸಂದೇಶಗಳಲ್ಲಿ ಸಂಜೆಯವರೆಗೆ ಕಾಯಬಹುದಾದವು ಎಷ್ಟು?
3. ನಮ್ಮ ಮನೆಗೆಲಸಕ್ಕೆ ಬರುವವರಿಗೆ ನಾವು ಕೊಡುವ ಸಂಬಳ ನ್ಯಾಯವಾದದ್ದೇ? ಅವರು ನಮ್ಮಲ್ಲಿ ಬಾಯಿಬಿಟ್ಟು ಕೇಳಬಲ್ಲರೇ?